ಹದ್ದಿನ ಕೊಳ್ಳದಲ್ಲಿ ಹದ್ದು

ಸರಸ್ವತಿಪುರಂ, ಮೈಸೂರು
೩ ಡಿಸೆಂಬರ್ ೨೦೨೪

ಶ್ರೀಮತಿ ಅಂಬಿಕಾ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ರಾಜಶ್ರೀ, ಹೈಸ್ಕೂಲು ಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸಿ ನಿವೃತ್ತಳಾದವಳು. ಆಯುಷ್ಯವಿಡೀ ಸೀಟಿ ಊದಿ ನನ್ನ ಮಾತೂ ಸೀಟಿಯ ಹಾಗೇ ಆಗಿದೆ, ಬೇಸರ ಮಾಡಿಕೊಳ್ಳಬೇಡಿ. ಸಿಂಧನೂರಿನ ಬ್ಯಾಂಕಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ದೀಪಿಕಾ ನನಗೊಂದು ಪತ್ರಿಕೆಯ ತುಣುಕು ಕಳಿಸಿದ್ದಾಳೆ. ಸಂತೆಕಲ್ಲೂರಿನ ಹತ್ತಿರದ ಹಳ್ಳಿಯಲ್ಲಿ ಅಂಚೆ ಕಚೇರಿ ನಡೆಸುವ ಹೆಣ್ಣುಮಗಳೊಬ್ಬಳು ರಜೆಯ ದಿನ ಜನರನ್ನು ಗುಡ್ಡದ ಕೊಳ್ಳಕ್ಕೆ ಚಾರಣ ಕರೆದೊಯ್ಯುತ್ತಾಳೆ, ಕಾಡುಹಕ್ಕಿ ತೋರಿಸುತ್ತಾಳೆ, ಊರಿನ ಸಂಸ್ಕೃತಿಯ ಪರಿಚಯವನ್ನೂ ಮಾಡಿಸುತ್ತಾಳೆ ಎಂದು ಅದರಲ್ಲಿದೆ. ಅದೆಲ್ಲ ಸರಿ. ಕೊಳ್ಳದ ಹೆಸರು ಓದಿದ ಮೇಲೆ ಮಾತ್ರ ನಾನು ಎದ್ದು ಕೂತೆ. ಹದ್ದಿನ ಕೊಳ್ಳ!

ಚಿಕ್ಕ ಹಕ್ಕಿಗಳ ಆಸೆ ನನಗೆ ಈಚೆಗೆ ಬಿಟ್ಟುಹೋಗಿದೆ. ಕಾರಣ ಬೇಡ. ಒಂದು ದೊಡ್ಡ ಹದ್ದನ್ನು, ಬಂಡೆಯ ಮೇಲೆ ಗೂಡು ಕಟ್ಟುವಂಥದ್ದನ್ನು, ಕಣ್ತುಂಬ ನೋಡಬೇಕೆಂಬುದೊಂದು ಉಳಿದಿದೆ. ನಿಮ್ಮ ಕೊಳ್ಳದಲ್ಲಿ ಹದ್ದು ಖಂಡಿತ ಇದೆಯೇ? ಅಥವಾ ನಮ್ಮ ಬೀದಿಯ ಆನಂದ ಭವನದ ಹಾಗೆ ಹೆಸರಿಗೆ ಮಾತ್ರವೋ? ಯಾವ ಹೊತ್ತಿನಲ್ಲಿ ಕಾಣುತ್ತದೆ? ನಡೆಯುವ ವಿಷಯದಲ್ಲಿ ನನ್ನ ಚಿಂತೆ ಬೇಡ, ನಿಮ್ಮ ಕಾಲೇ ಸೋತೀತು.

ದಯವಿಟ್ಟು ಫೋನ್ ಮಾಡಬೇಡಿ. ನನಗೆ ಕಾಗದವೇ ಒಗ್ಗುತ್ತದೆ. ಅಂಚೆಯವರಿಗೆ ಇದು ಕಷ್ಟವಾಗಲಾರದು.

ಉತ್ತರಕ್ಕೆ ಕಾದಿರುವ,
ರಾಜಶ್ರೀ


ಸಂತೆಕಲ್ಲೂರು ಹತ್ತಿರ, ಮಸ್ಕಿ ತಾಲೂಕು
೧೦ ಡಿಸೆಂಬರ್ ೨೦೨೪

ರಾಜಶ್ರೀ ಟೀಚರ್ ಅವರಿಗೆ ನಮಸ್ಕಾರ.

ನಮ್ಮ ಕಚೇರಿಗೆ ಬರುವುದೆಲ್ಲ ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು. ಕೈಯಲ್ಲಿ ಬರೆದ ಕಾಗದ ಬಂತು, ಅದೂ ನನ್ನ ಹೆಸರಿಗೇ. ಬೇರೆಯವರ ಟಪಾಲಿನ ಹಾಗೆ ಅದಕ್ಕೂ ಠಸ್ಸೆ ಒತ್ತಿ, ನನಗೆ ನಾನೇ ಬಟವಾಡೆ ಮಾಡಿಕೊಂಡೆ.

ಹದ್ದಿನ ಬಗ್ಗೆ ಅನುಮಾನ ಇಟ್ಟುಕೊಳ್ಳಬೇಡಿರಿ. ನಿಜಾಮರ ಕಾಲದಿಂದ ಅದೇ ಜಾಗದಲ್ಲಿದೆ. ನಮ್ಮ ಅಜ್ಜಿಯ ಅಜ್ಜಿಯೂ ಅಲ್ಲೇ ನೋಡಿದ್ದಾಳೆ. ಬೆಳಿಗ್ಗೆ ಬಂದರೂ ಸರಿ, ಮಧ್ಯಾಹ್ನ ಬಂದರೂ ಸರಿ, ಕಾಣದೆ ಇರುವ ಮಾತೇ ಇಲ್ಲ. ನೀವು ಎಳ್ಳಮವಾಸ್ಯೆಗೆ ಬಂದರೆ ಇನ್ನೂ ಚಂದ. ಅವತ್ತು ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಅಂದರೆ ಮಾಡಿದ ಅಡಿಗೆಯನ್ನೆಲ್ಲ ಮೊದಲು ಭೂಮಿತಾಯಿಗೆ ಎರಚಿ ಆಮೇಲೆ ನಾವು ಉಣ್ಣುವುದು. ಆಮೇಲೆ ಕೊಳ್ಳದೊಳಗೆ ಹದ್ದಿನ ತನಕ ನಡೆದು, ಕುಂಕುಮ ಹಚ್ಚಿ, ಅದಕ್ಕೂ ಒಂದು ಎಡೆ ಇಟ್ಟು ತಿರುಗುತ್ತೇವೆ. ನನ್ನ ಚಾರಣ ಅಲ್ಲಿಯ ತನಕ ಮಾತ್ರ, ಮುಂದೆ ಇಲ್ಲ.

ಕೊಳ್ಳದಲ್ಲಿ ಸಣ್ಣ ಹಕ್ಕಿಗಳೂ ಇವೆ. ಗೌಜಲಕ್ಕಿ, ಪಿಕಳಾರ, ಮಿಂಚುಳ್ಳಿ. ಎಲ್ಲದರ ಹೆಸರು ನನಗೆ ಬರುವುದಿಲ್ಲ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಅಡಿಗೆ ನಮ್ಮ ಅವ್ವ ಆದಮ್ಮನದು. ಅವಳೂ ಬುಟ್ಟಿ ಹೊತ್ತು ಜೊತೆಗೆ ಬರುತ್ತಾಳೆ.

ನಿಮ್ಮ ಬರವಿಗೆ ಕಾಯುತ್ತೇನೆ.
ಅಂಬಿಕಾ


ಮೈಸೂರು
೧೬ ಡಿಸೆಂಬರ್ ೨೦೨೪

ಪ್ರಿಯ ಅಂಬಿಕಾ,

ನಿಮ್ಮ ಕಾಗದ ಓದಿ ಮೈ ಜುಮ್ಮೆಂದಿತು. ತಲೆತಲಾಂತರದಿಂದ ಒಂದೇ ಬಂಡೆಯಲ್ಲಿ ಗೂಡು! ಜನ ಅದಕ್ಕೆ ಎಡೆ ಇಡುತ್ತಾರೆ! ಇಲ್ಲಿಯ ಹಕ್ಕಿ ನೋಡುವ ಗುಂಪಿನವರಿಗೆ ಹೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ, ಅದಕ್ಕೇ ಹೇಳಿಲ್ಲ.

ಒಂದೇ ಒಂದು ತಕರಾರು. ಕುಂಕುಮವನ್ನು ಬಂಡೆಗೆ ಬೇಕಾದಷ್ಟು ಹಚ್ಚಿಕೊಳ್ಳಿ, ಹಕ್ಕಿಯ ತಂಟೆಗೆ ಹೋಗಬೇಡಿ. ಗೂಡಿನ ಹತ್ತಿರ ಗಲಾಟೆಯೂ ಕೂಡದು. ಅದು ಕಂಡ ಕೂಡಲೇ ನೀವು ಬಾಯಿ ಮುಚ್ಚಿ ಬೆರಳು ತೋರಿಸಿದರೆ ಸಾಕು, ಉಳಿದದ್ದನ್ನು ನನ್ನ ಬೈನಾಕ್ಯುಲರ್ ನೋಡಿಕೊಳ್ಳುತ್ತದೆ.

ಹಬ್ಬದ ಹಿಂದಿನ ದಿನ ಸಿಂಧನೂರಿಗೆ ಬಂದು ದೀಪಿಕಾಳ ಮನೆಯಲ್ಲಿ ಇಳಿದುಕೊಳ್ಳುತ್ತೇನೆ. ಮರುದಿನ ಮೊದಲ ಬಸ್ಸಿಗೆ ಮಸ್ಕಿ. ಅಲ್ಲಿ ನೀಲಿ ಟೋಪಿ ಹಾಕಿದ ಮುದುಕಿ ಕಂಡರೆ ನಾನೇ.

ರಾಜಶ್ರೀ


ಮೈಸೂರು
೭ ಜನವರಿ ೨೦೨೫

ಪ್ರಿಯ ಅಂಬಿಕಾ,

ಊರು ಸೇರಿದ ಮೇಲೆ ಕೂಡಲೇ ಬರೆಯಬೇಕೆಂದಿದ್ದೆ. ಮೂರು ಸಲ ಕೂತೆ, ಎದ್ದೆ. ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ, ದೂರು ಆಮೇಲೆ. ಇಷ್ಟು ಒಳ್ಳೆಯ ದಿನ ನನಗೆ ಬಂದು ಬಹಳ ಕಾಲವಾಗಿತ್ತು.

ಸಿಂಧನೂರಿನ ಸುತ್ತ ಎಲ್ಲಿ ನೋಡಿದರೂ ಕಾಲುವೆ ನೀರು, ಕೊಯ್ದ ಭತ್ತದ ಗದ್ದೆ. ಮಸ್ಕಿ ದಾಟಿದ್ದೇ ತಡ, ಬಿಳಿಜೋಳ, ತೊಗರಿ, ದೇವರು ಬೇಸರದಲ್ಲಿ ಎಸೆದು ಹೋದಂಥ ಬಂಡೆಗಳು. ಬೆಳಿಗ್ಗೆ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿ ನಿಮ್ಮ ತಾಯಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕೊಟ್ಟರಲ್ಲ, ಸಾಕು ಎಂದು ನಾನು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಇನ್ನೊಂದು ಇಟ್ಟರು. ನೀವು ಕಾಕಾ ಎನ್ನುವ ಅಮರಗುಂಡಪ್ಪನವರು ಹೊಲದಲ್ಲಿ ಚರಗ ಚೆಲ್ಲುತ್ತ ಹೋದಂತೆ ಬೆಳವಗಳೂ ಗೊರವಂಕಗಳೂ ಹಿಂದೆಯೇ ಇಳಿದದ್ದು, ಕೊಳ್ಳದ ಬಾಯಲ್ಲಿ ಗೌಜಲಕ್ಕಿಗಳು ಕಾಲ ಬುಡದಿಂದ ಹಾರಿದ್ದು, ಬಂಡೆಯ ಮೇಲಿನ ಅತ್ತಿಮರದಲ್ಲಿ ಕೂತ ಹಳದಿ ಕೊರಳಿನ ಪಿಕಳಾರ, ಎಲ್ಲ ಕಣ್ಣಲ್ಲೇ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಆ ಸಂಸ್ಕೃತಿ ದರ್ಶನ. ನಾನು ಇಂಥವುಗಳನ್ನು ನಂಬುವವಳಲ್ಲ. ಬೇರೆ ಕಡೆಗಳಲ್ಲಿ ಡೊಳ್ಳು ಬಾರಿಸಿ, ಹಾರ ಹಾಕಿ ಕೈತೊಳೆದುಕೊಳ್ಳುತ್ತಾರೆ. ನಿಮ್ಮದು ಹಾಗಲ್ಲ. ನೀವು ಬೆರಳು ತೋರಿಸಿದಿರಿ, ನಾನು ಬೈನಾಕ್ಯುಲರ್ ಏರಿಸಿಕೊಂಡು ಆ ಕಡೆಗೇ ನಡೆದೆ. ಮಡುವಿನ ಅಂಚಿನ ಬಂಡೆಯ ಮೇಲೆ ನಿಂತಿದ್ದಾಗ ನಿಮ್ಮ ತಾಯಿ ಹಿಂದಿನಿಂದ ನನ್ನ ಜಾಕೆಟ್ಟು ಹಿಡಿದು ಎಳೆದರು. ಆ ವಯಸ್ಸಿಗೆ ಎಂಥ ಕೈ! ಆಮೇಲೆ ಅವರು ಕುಕ್ಕರಿಸಿ ಕೂತು ಹಣೆ ಬಡಿದುಕೊಂಡರು, ನಕ್ಕರು, ಅತ್ತರು. ಬುಟ್ಟಿಯನ್ನು ತಲೆಗೇರಿಸಿ ಹಿಂದಿರುಗಿ ನೋಡದೆ ಮುಂದೆ ನಡೆದರು. ಕಾರ್ಯಕ್ರಮ ಇನ್ನೂ ಇದೆ ಎಂದುಕೊಂಡು ನಾನು ಹಿಂಬಾಲಿಸಿದೆ.

ಕೊಳ್ಳದಾಚೆಯ ಆ ಮನೆಯಂಗಳದಲ್ಲಿ ಮಂಚದ ಮೇಲೆ ಮಲಗಿದ್ದ ವೃದ್ಧೆ ನಿಮ್ಮ ತಾಯಿಯ ಗಲ್ಲ ಹಿಡಿದುಕೊಂಡು ಬಿಡಲೇ ಇಲ್ಲ. ಅತಿಥಿಯನ್ನು ಕರೆತಂದಾಗ ಹೀಗೆ ಅಪ್ಪಿಕೊಂಡು ಅಳುವುದು ನಿಮ್ಮ ಕಡೆಯ ಪದ್ಧತಿಯೇ? ಒಬ್ಬರಿಗೊಬ್ಬರು ಕಡುಬು ಮುರಿದು ತಿನ್ನಿಸಿದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ, ಅದೇ ನನಗೆ ಹಿಡಿಸಿತು. ಕೊನೆಗೆ ಮಂಚದ ಮೇಲಿದ್ದವರೇ ಕರೆದು ನನ್ನ ಬಾಯಿಗೂ ಒಂದು ತುತ್ತು ಇಟ್ಟರು. ಅವರ ಹೆಸರನ್ನು ದಯವಿಟ್ಟು ಬರೆದು ತಿಳಿಸಿ.

ಈಗ ದೂರು. ಹದ್ದು ಎಲ್ಲಿ? ಬಂಡೆಬಂಡೆಯನ್ನೂ ಸೋಸಿದೆ, ಒಂದು ಗರಿ ಕೂಡ ಕಾಣಲಿಲ್ಲ. ಕಾಣದಿದ್ದರೆ ಕಾಣಲಿಲ್ಲ, ಹಕ್ಕಿಗೆ ಹಾಜರಿ ಪುಸ್ತಕ ಇಲ್ಲ. ಆದರೆ ಖಂಡಿತ ಎಂದು ಬರೆಯಬಾರದಿತ್ತು.

ಋಣಿ,
ರಾಜಶ್ರೀ


ಮೈಸೂರು
೨೭ ಜನವರಿ ೨೦೨೫

ಪ್ರಿಯ ಅಂಬಿಕಾ,

ನನ್ನ ಕಾಗದ ತಲುಪಿತೇ? ಅಂಚೆ ಕಚೇರಿಯಲ್ಲೇ ಇರುವವಳಿಗೆ ಈ ಪ್ರಶ್ನೆ ಕೇಳುವುದು ತಮಾಷೆ, ಆದರೂ ಕೇಳುತ್ತಿದ್ದೇನೆ. ಹದ್ದಿನ ಮಾತು ಆಡಿ ನಿಮ್ಮ ಮನಸ್ಸು ನೋಯಿಸಿದೆನೇನೋ. ಅದನ್ನು ಮರೆತುಬಿಡಿ. ನನ್ನ ಬಾಯಿಗೆ ಮೊದಲಿನಿಂದಲೂ ಲಗಾಮು ಕಡಿಮೆ.

ಮರಳಿ ಬರುವಾಗ ನಿಮ್ಮ ಮುಖ ಬಿಳಿಚಿಕೊಂಡಿತ್ತು ಎಂದು ಈಗ ನೆನಪಾಗುತ್ತಿದೆ. ಹುಷಾರಿದ್ದೀರಾ?

ರಾಜಶ್ರೀ


ಸಂತೆಕಲ್ಲೂರು ಹತ್ತಿರ
೫ ಫೆಬ್ರುವರಿ ೨೦೨೫

ಟೀಚರ್,

ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಎರಡೂ ಕಾಗದ ಬಂದಿವೆ. ಮೊದಲನೆಯದನ್ನು ಓದಿ ಸಿಟ್ಟು ಬಂತು, ನಗೆಯೂ ಬಂತು. ಯಾವುದನ್ನು ಬರೆಯಬೇಕೋ ತಿಳಿಯದೆ ಸುಮ್ಮನಿದ್ದೆ.

ನಮ್ಮಲ್ಲಿ ಹದ್ದು ಅಂದರೆ ಗಡಿ. ನೀವು ಹುಡುಕಿದ ಹಕ್ಕಿಯಲ್ಲ. ಉರ್ದುವಿನಿಂದ ಬಂದ ಮಾತಂತೆ, ಇಲ್ಲಿ ಹುಟ್ಟಿದವರಿಗೆ ಅದು ಕನ್ನಡವೇ. ಈಚೆ ಊರಿಗೂ ಆಚೆ ಊರಿಗೂ ನಡುವಿನ ಗಡಿಗಲ್ಲು ಕೊಳ್ಳದಲ್ಲಿದೆ, ಅದಕ್ಕೇ ಹದ್ದಿನ ಕೊಳ್ಳ. ಬಂಡೆ, ಗೂಡು, ಗಲಾಟೆ ಬೇಡ ಎಂದು ನೀವು ಬರೆದದ್ದನ್ನು ಬೇರೆ ಹಕ್ಕಿಗಳ ಮಾತೆಂದೇ ತಿಳಿದೆ, ಹದ್ದಿನ ಕೊಳ್ಳ ಎಂದ ಮೇಲೆ ನನ್ನ ತಲೆಯಲ್ಲಿ ಇದ್ದದ್ದು ಆ ಕಲ್ಲೊಂದೇ. ಕಲ್ಲಿನ ಮುಂದೆ ನಿಂತು, ಇದೇ ನೋಡಿರಿ ಹದ್ದು ಎಂದು ನಾನು ಬೆರಳು ತೋರಿಸಿದೆ. ನೀವು ಕಲ್ಲನ್ನು ಬಿಟ್ಟು ಆಕಾಶ ನೋಡುತ್ತ ಅದನ್ನು ದಾಟಿ ಹೋದಿರಿ.

ದಾಟುವುದು ನಮಗೆ ಸಣ್ಣ ಮಾತಲ್ಲ. ಈಗ ಹೇಳಬೇಕು. ನಾನು ತೊಟ್ಟಿಲಲ್ಲಿದ್ದಾಗ ಮಡುವಿನ ನೀರಿಗಾಗಿ ಎರಡೂ ಊರು ಬಡಿದಾಡಿದವು. ನಮ್ಮ ಅಪ್ಪ ಮೈಲಾರಲಿಂಗಪ್ಪನ ತಲೆ ಒಡೆಯಿತು. ಅವನು ರಕ್ತ ಒರೆಸಿಕೊಳ್ಳದೆ ನನ್ನನ್ನು ಎತ್ತಿಕೊಂಡು ಹೋಗಿ, ಆ ಕಲ್ಲಿನ ಮುಂದೆ ನನ್ನ ತಲೆ ಮುಟ್ಟಿ ಆಣೆ ಇಟ್ಟ. ನಮ್ಮ ಮನೆಯವರು ಯಾರೇ ಈ ಹದ್ದು ದಾಟಿ ಆಚೆ ಊರಿಗೆ ಕಾಲಿಟ್ಟರೆ ಅದು ಈ ಕೂಸಿನ ತಲೆಯ ಮೇಲೆ. ಅಪ್ಪ ತೀರಿಕೊಂಡ, ಆಣೆ ಉಳಿಯಿತು. ಲಿಂಗಸೂಗೂರು ಸುತ್ತಿ ಬಸ್ಸಿನಲ್ಲಿ ಹೋದರೂ ದಾಟಿದ ಹಾಗೇ ಎನ್ನುತ್ತಾಳೆ ಅವ್ವ.

ಮಂಚದ ಮೇಲಿದ್ದವಳು ಪಕೀರಮ್ಮ, ಅವ್ವನ ಒಡಹುಟ್ಟಿದ ಅಕ್ಕ. ಆಚೆ ಊರಿಗೆ ಕೊಟ್ಟಿದ್ದರು. ಅಕ್ಕತಂಗಿಯರು ಇಷ್ಟು ವರ್ಷ ಭೇಟಿಯಾಗಿದ್ದು ಮಸ್ಕಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಹೋದ ಮಳೆಗಾಲ ದೊಡ್ಡವ್ವ ಬಿದ್ದು ಸೊಂಟ ಮುರಿದುಕೊಂಡಳು. ಅಲ್ಲಿಂದ ಅದೂ ನಿಂತಿತ್ತು. ಅವಳು ಬರುವ ಹಾಗಿಲ್ಲ, ಇವಳು ಹೋಗುವ ಹಾಗಿಲ್ಲ. ನನಗೆ ಆಣೆಯಲ್ಲಿ ನಂಬಿಕೆ ಇಲ್ಲ, ಹೋಗಿ ಬಾ ಎಂದು ಕಾಲು ಹಿಡಿದು ಹೇಳಿದ್ದೇನೆ. ತಲೆ ನನ್ನದು, ಹೆದರಿಕೆ ಅವಳದು.

ಅವತ್ತು ನೀವು ಪಾಚಿಗಟ್ಟಿದ ಬಂಡೆಯ ಮೇಲೆ, ಒಂದು ಹೆಜ್ಜೆ ಇಟ್ಟರೆ ಮಡುವಿನಲ್ಲಿ. ಎಲ್ಲರೂ ಕೂಗಿದೆವು. ನಾನು ಓಡುವಷ್ಟರಲ್ಲಿ ಅವ್ವ ಓಡಿಬಿಟ್ಟಿದ್ದಳು. ನಿಮ್ಮ ಜಾಕೆಟ್ಟು ಕೈಗೆ ಸಿಕ್ಕ ಮೇಲೆಯೇ ತಾನೆಲ್ಲಿದ್ದೇನೆ ಎಂದು ಅವಳಿಗೆ ತಿಳಿದದ್ದು. ಕೂತು ಅತ್ತಳು, ಆಮೇಲೆ ನನಗೆ ಹೇಳಿದಳು: “ದಾಟಿಬಿಟ್ನೆಲ್ಲ ಬೇ ಅಂಬಿಕಾ. ದಾಟಿದ್ದು ದಾಟೀನಿ, ಇನ್ನ ಅಕ್ಕನ್ನ ನೋಡಿಕ್ಯಂಡೇ ಬರ್ತೀನಿ.” ಹಿಂದೆ ಉಳಿದ ಅಮರಗುಂಡಪ್ಪ ಕಾಕಾನನ್ನು ಊರವರು ಕೇಳಿದರೆ, ತಾನು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆ, ಯಾರು ದಾಟಿದರೋ ಬಿಟ್ಟರೋ ನೋಡಿಲ್ಲ ಎಂದನಂತೆ.

ನಿಮಗೆ ಕೈಮುಗಿಯಬೇಕು ಎಂದುಕೊಂಡೇ ಮನೆಗೆ ಬಂದೆ. ಆದರೆ ಸಂಕ್ರಾಂತಿಗೆ ಮುಂಚೆ ಟಪಾಲು ಚೀಲ ತರುವಾಗ ಮಸ್ಕಿ ಹಾದಿಯಲ್ಲಿ ನನ್ನ ಸ್ಕೂಟಿ ಜಾರಿ ಬಲಗೈ ಮುರಿಯಿತು. ಎಲ್ಲರಿಗೂ ಆಗುವಂಥದ್ದೇ, ಎದುರಿಗೆ ನಾಯಿ ಬಂತು ಅಷ್ಟೇ. ಅವ್ವ ಕೇಳಬೇಕಲ್ಲ. ದವಾಖಾನೆಯಲ್ಲಿ ನನ್ನ ತಲೆ ಸವರುತ್ತ ಅವಳು ಅಂದದ್ದು ಇದು: “ನಾ ದಾಟಿದ್ದಕ್ಕ ನಿನಗ ಹಿಂಗಾತು. ಇನ್ನ ನನಗ ಅಕ್ಕ ಇಲ್ಲ ಅನಕೊಂತೀನಿ.” ಅಲ್ಲಿಂದ ಅಕ್ಕನ ಹೆಸರು ಎತ್ತಿಲ್ಲ. ಆಚೆಯಿಂದ ದೊಡ್ಡವ್ವನ ಮಗ ಪಂಪಾಪತಿ ಫೋನ್ ಮಾಡಿ, ಅವಳು ಊಟ ಬಿಟ್ಟಿದ್ದಾಳೆ, ಚಿಕ್ಕವ್ವನನ್ನು ಕಳಿಸು ಎಂದು ಹೇಳುತ್ತಾನೆ. ಅವ್ವ ಕೇಳಿಸಿಕೊಂಡು ಒಳಗೆ ಹೋಗುತ್ತಾಳೆ. ನಾನು ಚಾರಣ ನಿಲ್ಲಿಸಿದ್ದೇನೆ.

ಒಂದು ಮಾತು ಕೇಳಲೇಬೇಕು. ಗಂಟಲು ಹರಿಯುವ ಹಾಗೆ ಕೂಗಿದೆವು. ಒಂದು ಸಲವಾದರೂ ನೀವು ಯಾಕೆ ತಿರುಗಲಿಲ್ಲ? ಅಷ್ಟೊಂದು ಹಠವೇ?

ಅಂಬಿಕಾ


ಮೈಸೂರು
೧೧ ಫೆಬ್ರುವರಿ ೨೦೨೫

ಮಗಳೇ ಅಂಬಿಕಾ,

ಹಠವಲ್ಲ. ನನಗೆ ಕಿವಿ ಕೇಳಿಸುವುದಿಲ್ಲ.

ನಾಲ್ಕೈದು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಯಂತ್ರ ಹಾಕಿಕೊಂಡರೆ ಬಯಲಿನಲ್ಲಿ ಗಾಳಿಯ ಭೋರ್ ಎಂಬುದೊಂದೇ ಕೇಳುತ್ತದೆ. ಅದಕ್ಕೇ ಅವತ್ತು ಅದು ಬ್ಯಾಗಿನಲ್ಲಿತ್ತು. ಇಲ್ಲಿ ತುಟಿ ನೋಡಿ ಮಾತು ಹಿಡಿಯುತ್ತೇನೆ, ನಿಮ್ಮ ಕಡೆ ತುಟಿಯೇ ಬೇರೆ ಥರ ಆಡುತ್ತದೆ, ಅರ್ಧಕ್ಕರ್ಧ ತಲೆಯಾಡಿಸಿ ಕಳೆದೆ. ಹಕ್ಕಿ ಗುಂಪಿನವರು ಮೊದಲು ದನಿ ಕೇಳಿ ಆಮೇಲೆ ಹಕ್ಕಿ ಹುಡುಕುವವರು. ನಾನು ಎಲ್ಲಿ, ಯಾವುದು ಎಂದು ಕೇಳುತ್ತಿದ್ದರೆ ಅವರ ಹಕ್ಕಿ ಹಾರಿಹೋಗುತ್ತದೆ. ಕರೆಯುವುದನ್ನು ಬಿಟ್ಟರು. ಹದ್ದನ್ನು ನೋಡಲು ಕಿವಿ ಬೇಡವಲ್ಲ, ಅದಕ್ಕೇ ಹದ್ದು ಬೇಕಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗಿತ್ತು. ಬರೆದಿದ್ದರೆ ನೀನು ನನ್ನ ಕೈ ಹಿಡಿದುಕೊಂಡೇ ನಡೆಸುತ್ತಿದ್ದೆ.

ಇನ್ನು ಮುಂದಿನದ್ದನ್ನು ನಿನ್ನ ತಾಯಿಗೆ ಗಟ್ಟಿಯಾಗಿ ಓದಿ ಹೇಳು. ಒಂದಕ್ಷರವನ್ನೂ ಬಿಡಬೇಡ.

ಆದಮ್ಮನವರೇ, ನಾನು ಆಟದ ಮೈದಾನದಲ್ಲಿ ಬದುಕಿದವಳು. ಗೆರೆ ದಾಟುವ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲು ಯಾರು ದಾಟಿದರೋ ಫೌಲು ಅವರದು. ಅವರನ್ನು ಹಿಡಿಯಲು ಹೋದವರದಲ್ಲ. ಅವತ್ತು ಮೊದಲು ದಾಟಿದವಳು ನಾನು. “ನೀನು ಮನೆಯವಳಲ್ಲವಲ್ಲ, ಆಣೆ ಮನೆಯವರಿಗೆ” ಎನ್ನುತ್ತೀರಿ. ಬೆಳಿಗ್ಗೆ ನಿಮ್ಮ ಕಟ್ಟೆಯ ಮೇಲೆ ಕೂತು ನಿಮ್ಮ ಕೈಯ ರೊಟ್ಟಿ ತಿಂದಿದ್ದೆ. ಸಾಕೆಂದರೂ ಕೇಳದೆ ಹಾಕಿದಿರಿ. ಹಾಗೆ ಬಲವಂತ ಮಾಡಿ ಉಣ್ಣಿಸುವುದು ಹೊರಗಿನವರಿಗಲ್ಲ. ಆದ್ದರಿಂದ ದಾಟುವ ಹೊತ್ತಿಗೆ ನಾನು ನಿಮ್ಮ ಮನೆಯವಳೇ.

ಅಂಬಿಕಾಳ ಕೈ ಮುರಿದದ್ದು ನಾಯಿಯಿಂದ. ನೀವು ಒಪ್ಪುವುದಿಲ್ಲ, ಬೇಡ ಬಿಡಿ. ನನ್ನ ಎಡಗೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಆ ಹದ್ದು ದಾಟಿದ್ದಕ್ಕೆ, ಇನ್ನು ಮುಂದೆ ನೀವು ಎಷ್ಟು ಸಲ ದಾಟಿದರೂ ಅದಕ್ಕೆ, ಬರುವುದೇನಿದ್ದರೂ ನನಗೆ ಬರಲಿ. ಆ ಮಗುವಿಗೆ ಬೇಡ. ಆಣೆಗೆ ಒಂದು ತಲೆ ಬೇಕು, ಅದು ಇಲ್ಲಿದೆ. ನನಗೆ ಹಿಂದಿಲ್ಲ ಮುಂದಿಲ್ಲ, ಈ ತಲೆಗಾಗಿ ಕಾಯುತ್ತಿರುವವರು ಯಾರೂ ಇಲ್ಲ.

ಮಡುವಿಗೆ ಬೀಳುವವಳನ್ನು ನೀವು ಮಗಳಿಗೇನಾದೀತೆಂಬ ಭಯವನ್ನೂ ಮರೆತು ಹಿಡಿದೆಳೆದಿರಿ. ನನಗೆ ಅದು ಗೊತ್ತೂ ಆಗಲಿಲ್ಲ, ಹಕ್ಕಿ ತೋರಿಸಲು ಎಳೆದಿರಿ ಎಂದುಕೊಂಡೆ. ನಿಮಗೆ ನಾನು ಇಷ್ಟಾದರೂ ಮಾಡಬೇಡವೇ. ಅಕ್ಕನ ಹತ್ತಿರ ಹೋಗಿ.

ರಾಜಶ್ರೀ


ಸಂತೆಕಲ್ಲೂರು ಹತ್ತಿರ
೧೦ ಏಪ್ರಿಲ್ ೨೦೨೫

ರಾಜಶ್ರೀ ಅಮ್ಮನಿಗೆ,

ಕೈ ಕೂಡಿದೆ, ಅಕ್ಷರ ನೋಡಿದರೇ ತಿಳಿಯುತ್ತದೆ. ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ನಿಮ್ಮ ಕಿವಿಯನ್ನು ಹಠ ಎಂದು ಬರೆದವಳು ನಾನು. ಆ ಕಾಗದವನ್ನು ಹರಿದು ಒಲೆಗೆ ಹಾಕಿಬಿಡಿರಿ.

ನಿಮ್ಮ ಕಾಗದ ಬಂದ ದಿನ ಅವ್ವ ಹಿತ್ತಲಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದಳು. ಅಲ್ಲೇ ನಿಂತು ಓದಿದೆ. ಕೈ ತಲೆಯ ಮೇಲಿಟ್ಟುಕೊಂಡು ಬರೆದ ಮಾತು ಬಂದಾಗ ಅವಳ ಕೈ ನಿಂತಿತು. ಇನ್ನೊಂದು ಸಲ ಓದು ಎಂದಳು. ಓದಿದೆ. ಬೀಜ ತೆಗೆಯುತ್ತ ಅಂದಳು: “ಗೆರಿ, ಫೌಲು ಅದೆಲ್ಲ ನನಗ ಬ್ಯಾಡ. ಅಕಿ ಯಾರು, ನಾವು ಯಾರು. ನನ್ನ ಮಗಳಿಗೆ ಬರೂದು ತನಗ ಬರಲಿ ಅಂತ ತಲಿ ಕೊಟ್ಟಾಳ. ಹೆತ್ತಪ್ಪ ಕೂಸಿನ ತಲಿ ಇಟ್ಟ, ಅಕಿ ತನ್ನದ ಇಟ್ಟಾಳ. ಇನ್ನ ನಾ ಅಂಜಿದ್ರ ಅಕಿಗೆ ಅವಮಾನ.” ಮರುದಿನ ಕೋಳಿ ಕೂಗುವ ಮುಂಚೆ ಬುಟ್ಟಿ ಕಟ್ಟಿದಳು. ಕಲ್ಲಿನ ತನಕ ನಾನೂ ಹೋದೆ. ಕಲ್ಲಿನ ಮುಂದೆ ನಿಂತು ಅಪ್ಪನ ಹೆಸರು ಹಿಡಿದು ಏನೋ ಬೈದಳು, ಆಮೇಲೆ ಕೈ ಮುಗಿದಳು, ದಾಟಿದಳು. ನಾನೂ ದಾಟಿದೆ.

ಅಲ್ಲಿಂದ ಅವಳು ಮನೆಗೆ ಬಂದದ್ದು ಬಟ್ಟೆ ಒಯ್ಯಲು ಮಾತ್ರ. ಶಿವರಾತ್ರಿ ಅಲ್ಲೇ, ಹೋಳಿಹುಣ್ಣಿಮೆ ಅಲ್ಲೇ. ಪಂಪಾಪತಿ ಅಣ್ಣ ಹೇಳುತ್ತಾನೆ, ಇಬ್ಬರೂ ಒಂದೇ ಮಂಚದ ಮ್ಯಾಲೆ ಮಲಗಿ ಸಣ್ಣವರಿದ್ದಾಗಿನ ಜಗಳ ಮತ್ತೆ ಆಡಿದರಂತೆ. ಅವ್ವ ತಿನ್ನಿಸಿದರೆ ಮಾತ್ರ ದೊಡ್ಡವ್ವ ಬಾಯಿ ತೆರೆಯುತ್ತಿದ್ದಳು. ಹಾಲುಗಂಜಿ, ಒಂದೊಂದು ದಿನ ಅರ್ಧ ಕಡುಬು. ನಿಮ್ಮ ಬಗ್ಗೆಯೂ ಕೇಳಿದಳಂತೆ, ಆ ನೀಲಿ ಟೋಪಿಯವಳು ಉಂಡು ಹೋದಳೋ ಇಲ್ಲವೋ ಎಂದು. ನೀವು ಅವಳ ಹೆಸರು ಕೇಳಿದ್ದಿರಿ ಎಂದು ನಾನು ಹೇಳಿದ್ದಕ್ಕೆ ಬಹಳ ಹಿಗ್ಗಿದಳು.

ಯುಗಾದಿ ಆದ ಮೇಲೆ ದೊಡ್ಡವ್ವ ಹೋದಳು. ಮಣ್ಣು ಮಾಡಲು ಈಚೆ ಊರಿನ ಜನವೂ ಹೋಗಿದ್ದರು. ಕಣ್ಣು ಮುಚ್ಚಿ ನಿಂತಿದ್ದೆ ಎಂದ ಅಮರಗುಂಡಪ್ಪ ಕಾಕಾ ಎಲ್ಲರಿಗಿಂತ ಮುಂದೆ ಇದ್ದ. ಕೊಳ್ಳದ ಹಾದಿಯಲ್ಲೇ ನಡೆದು ಹೋದೆವು.

ಅವ್ವ ಈಗ ಮನೆಗೆ ಬಂದಿದ್ದಾಳೆ. ನಿನ್ನೆ ನಿಮಗೆ ಫೋನ್ ಹಚ್ಚಿ ಕೊಡು ಎಂದಳು. ಅಮ್ಮನಿಗೆ ಕೇಳಿಸುವುದಿಲ್ಲ ಎಂದೆ. ಮರೆತೇಬಿಟ್ಟಿದ್ದಳು. ನನ್ನ ಪಕ್ಕಕ್ಕೆ ಬಂದು ಕೂತಳು, ಪೆನ್ನು ತಗೋ ಎಂದಳು. ಅವಳು ಹೇಳಿದ್ದನ್ನು ಹೇಳಿದಂಗೇ ಬರೆಯುತ್ತಿದ್ದೇನೆ:

“ಯವ್ವಾ, ನಮ್ಮಕ್ಕನ ಬಾಯಿಗೆ ಕಡೀ ಗುಟುಕು ನೀರು ನಾನ ಬಿಟ್ಟೆ. ನನ್ನ ಕೈಯಿಂದನ ಕುಡುದ್ಳು. ನಿನ್ನ ತಲಿ ತಣ್ಣಗಿರಲಿ.”